ಬಿಚ್ಚಿದ ಹೊಲಿಗೆ

ಆ ಟೈಲರ್ ಅಂಗಡಿಯಲ್ಲಿ ಎರಡು ಯಂತ್ರ. ಒಂದು ಅತ್ತೆಯದು, ಇನ್ನೊಂದು ಸೊಸೆಯದು. ನಡುವಿನ ಕುರ್ಚಿ ಸೊಸೆಯ ಆರು ವರ್ಷದ ಮಗಳು ಚೋಟುವಿನದು. ಅವಳಿಗೆ ರಕ್ತದ ಕ್ಯಾನ್ಸರ್. ಕಿಮೋ ಶುರುವಾಗಿ ಐದು ತಿಂಗಳು. ತಲೆಯಲ್ಲಿ ಕೂದಲಿರಲಿಲ್ಲ, ಬಾಯಲ್ಲಿ ಮಾತಿಗೇನೂ ಬರವಿರಲಿಲ್ಲ.

"ಅಮ್ಮಾ, ಅಜ್ಜಿ ನನ್ನ ಫ್ರಾಕ್ ಮತ್ತೆ ಸಡಿಲ ಮಾಡಿದ್ರು!"

ಸೊಸೆ ಫ್ರಾಕಿನ ಸೊಂಟದ ಹೊಲಿಗೆ ಮಗುಚಿ ನೋಡಿದಳು. ಮಗು ಬೆಳೆದಾಗ ಬಿಚ್ಚಲೆಂದು ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿದಿತ್ತು.

"ಎಷ್ಟು ಸಲ ಬಿಚ್ಚಿದ್ರಿ ಅತ್ತೆ?"

"ಹದಿನೈದು ದಿನದಲ್ಲಿ ಎರಡು ಸಲ. ಮೈ ತುಂಬ್ಕೋತಿದಾಳೆ ಕಣೆ. ನಿಂಗೆ ಹೇಳಿದ್ರೆ ಅದಕ್ಕೂ ಗಾಬರಿ ಬೀಳ್ತೀಯ ಅಂತ ಸುಮ್ನಿದ್ದೆ."

ಸೊಸೆ ಟೇಪು ಹಿಡಿದಳು. ಸೊಂಟ ಎರಡು ಇಂಚು ಹೆಚ್ಚಿತ್ತು, ತೋಳಿನ ಸುತ್ತಳತೆ ಅರ್ಧ ಇಂಚು ಇಳಿದಿತ್ತು. ಬೆಳಕಿಗೆ ತಿರುಗಿಸಿದರೆ ಮಗುವಿನ ಕಣ್ಣು ಹಳದಿ.

"ಇದು ಮೈ ತುಂಬೋದಲ್ಲ ಅತ್ತೆ, ಹೊಟ್ಟೆ ಊದಿದೆ!"

ಅರ್ಧ ಹೊಲಿದ ಬಟ್ಟೆಗಳನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದರು. ಲಿವರ್ ಊದಿದೆ ಎಂದು ಡಾಕ್ಟರಮ್ಮ ಕಿಮೋ ಔಷಧ ನಿಲ್ಲಿಸಿ, ಅದು ಒಗ್ಗದಿರುವುದು ಹುಟ್ಟಿನಿಂದ ಬಂದದ್ದೇ ಎಂದು ತಿಳಿಯಲು ಮಗುವಿನ ಜೊತೆಗೆ ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ವರದಿ ಬರುವವರೆಗೂ ಅತ್ತೆ ಸುಮ್ಮನಿರಲಿಲ್ಲ. "ನಮ್ಮ ವಂಶದಲ್ಲಿ ಇಂಥದ್ದಿಲ್ಲಪ್ಪ. ನಿಮ್ಮ ಕಡೆ ರಕ್ತಾನೇ ಸರಿ ಇಲ್ಲ." ಕ್ಯಾನ್ಸರ್ ಎಂದು ತಿಳಿದ ದಿನದಿಂದಲೂ ಅದೇ ರಾಗ. ಸೊಸೆ ಮಗುವಿನ ಕಾಲು ನೀವುತ್ತಿದ್ದಳು.

ಕೊನೆಗೂ ವರದಿ ಬಂತು. "ಈ ಔಷಧವನ್ನ ಕರಗಿಸೋ ಶಕ್ತಿ ಇವಳಿಗೆ ಹುಟ್ಟಿನಿಂದಲೇ ಕಡಿಮೆ," ಎಂದರು ಡಾಕ್ಟರಮ್ಮ. "ಬೇರೆ ಮಕ್ಕಳಿಗೆ ಕೊಡೋ ಅಳತೆ ಇವಳಿಗೆ ಹೆಚ್ಚಾಯ್ತು. ಇನ್ಮೇಲೆ ಇವಳದೇ ಅಳತೆ."

"ಯಾರ ಕಡೆಯಿಂದ ಬಂತು ಡಾಕ್ಟ್ರೇ?" ಅತ್ತೆ ಮುಂದೆ ಬಾಗಿದರು.

"ಅರ್ಧ ನಿಮ್ಮ ಮಗನಿಂದ, ಅರ್ಧ ಸೊಸೆಯಿಂದ. ಯಾರ ತಪ್ಪೂ ಅಲ್ಲ. ಬೇಗ ಕರ್ಕೊಂಡು ಬಂದಿದ್ದೇ ಪುಣ್ಯ. ಊತ ಕಂಡುಹಿಡಿದೋರು ಯಾರು?"

ಅತ್ತೆ ಸೊಸೆಯ ಕಡೆ ಕೈ ತೋರಿದರು. "ನನ್ನ ಸೊಸೆ. ಅವಳಿಗೆ ಗೊತ್ತಾಗದ ಹಾಗೆ ಹೊಲಿಗೆ ಬಿಚ್ತಾ ಕೂತೋಳು ನಾನು."

ತಿಂಗಳು ಕಳೆಯುವಷ್ಟರಲ್ಲಿ ಊತ ಇಳಿಯಿತು, ಕಣ್ಣು ಬೆಳ್ಳಗಾಯಿತು. ಇಳಿಸಿದ ಅಳತೆಯಲ್ಲಿ ಔಷಧ ಮತ್ತೆ ಶುರುವಾಯಿತು. ಅಂಗಡಿಯಲ್ಲಿ ಅತ್ತೆ ಈಗ ದೊಗಲೆಯಾದ ಅದೇ ಫ್ರಾಕ್ ಹಿಡಿದು, ಟೇಪನ್ನು ಸೊಸೆಯ ಕೈಗಿಟ್ಟರು.

"ಅಳತೆ ನೀನೇ ತಗೋ ತಾಯಿ. ಬಾಯಿಗೆ ಬಂದಿದ್ದೆಲ್ಲ ಅಂದ್ಬಿಟ್ಟೆ. ಮಗು ಉಳಿದಿದ್ದು ನಿನ್ನಿಂದ."

ಸೊಸೆ ಕಣ್ಣೊರೆಸಿಕೊಂಡು ಅಳೆದಳು. ಅತ್ತೆಯ ಯಂತ್ರ ಗಡಗಡ ಓಡಿತು.

"ಅಜ್ಜೀ, ಬಿಗಿ ಮಾಡ್ಬೇಡಿ! ನಾನು ಬೆಳೀಬೇಕಲ್ವಾ?"

"ಬೆಳೀ ಕಣೆ ಚೋಟು, ಒಳಗೆ ಬಟ್ಟೆ ಬಿಟ್ಟಿದೀನಿ," ಎಂದರು ಅತ್ತೆ. "ಆದ್ರೆ ಬಿಚ್ಚೋ ದಿನ ನಿಮ್ಮಮ್ಮನ್ನ ಕೇಳಿ ಬಿಚ್ತೀನಿ."