ಕಾಸಿಂಸಾಬನ ಕಲ್ಲುಗಳು

ಹೊರ್ತಿಯ ಜೋಹರಾಬಿಯ ಮನೆಯ ಮೇಲಿನ ತಗಡಿನ ಪತ್ರಾಸುಗಳು ಅಡ್ಡಮಳೆಯ ಗಾಳಿಗೆ ಹಾರಿಹೋಗಿ ನಿಂಬೆ ತೋಟದಲ್ಲಿ ಬಿದ್ದದ್ದನ್ನು ಇಡೀ ಓಣಿ ನೋಡಿತ್ತು. ಯಾಕೆ ಹಾರಿದವು ಅನ್ನುವುದು ಮಾತ್ರ ಪಕ್ಕದ ಮನೆಯ ಗುರಪ್ಪನೊಬ್ಬನಿಗೇ ಗೊತ್ತಿತ್ತು.

ಆ ದಿನ ಮುಗಿಲು ಕಪ್ಪಾದಾಗ ಅವನ ಒಣದ್ರಾಕ್ಷಿ ಅಂಗಳದ ತುಂಬ ಹರಡಿತ್ತು. ತಾಡಪತ್ರಿ ಹೊಚ್ಚಿದರೆ ಗಾಳಿ ನಿಲ್ಲಗೊಡಲಿಲ್ಲ. ಎರೆಮಣ್ಣಿನ ಊರಲ್ಲಿ ಕಲ್ಲು ಬೇಕೆಂದಾಗ ಸಿಗುವ ವಸ್ತುವಲ್ಲ. ಜೋಹರಾಬಿ ಸಿಂದಗಿಗೆ, ಮಗಳ ಮನೆಗೆ ಹೋಗಿದ್ದಳು. ಪತ್ರಾಸು ಹಾರದಿರಲೆಂದು ಅವಳ ಗಂಡ ಕಾಸಿಂಸಾಬ ಬದುಕಿದ್ದಾಗ ಸುಣ್ಣ ಬಳಿದು ಇಟ್ಟ ಕಲ್ಲುಗಳು ಮನೆಯ ಮೇಲಿದ್ದವು. ಒಂದು ತಾಸಿನ ಮಟ್ಟಿಗೆ ತಾನೆ ಅಂದುಕೊಂಡು ಗುರಪ್ಪ ಅವನ್ನೆಲ್ಲ ಇಳಿಸಿಕೊಂಡ. ಅವನ ದ್ರಾಕ್ಷಿ ಉಳಿಯಿತು, ಅವಳ ಮನೆ ಬಯಲಾಯಿತು.

ವಿಮಾ ಕಂಪನಿಯ ಸರ್ವೇಯರು ಇಂಡಿಯಿಂದ ಬಂದ. ಕಲ್ಲು ಇಟ್ಟಿದ್ದರೆ ಇಲ್ಲೇ ಎಲ್ಲೋ ಬಿದ್ದಿರಬೇಕಿತ್ತಲ್ಲ ಅಂದ. ಇಟ್ಟೇ ಇಲ್ಲವಾದ ಮೇಲೆ ಇದು ಗಾಳಿಯಿಂದ ಆದದ್ದಲ್ಲ, ಮನೆಯವರ ಅಲಕ್ಷ್ಯ, ಪರಿಹಾರ ಸಿಗುವುದಿಲ್ಲ. ಮನೆಯವರ ತಪ್ಪಲ್ಲ ಎಂದು ಕಂಡವರು ಯಾರಾದರೂ ಹೇಳಿದರೆ ಮಾತು ಬೇರೆ ಎಂದ. ಜೋಹರಾಬಿ ಅಲ್ಲಾನ ಆಣೆಗೂ ಕಲ್ಲಿದ್ದವು ಅಂದಳು. ಆಮೇಲೆ ಗುರಪ್ಪನ ಕಡೆ ತಿರುಗಿ, ದಿನಾ ನೋಡುವವರು ನೀವಾದರೂ ಹೇಳಿ ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಟ್ಟೆಯ ಮೇಲೆ ಕೂತು ಊರಿಗೆಲ್ಲ ನ್ಯಾಯ ಹೇಳುವ ಮಹಾರಾಯ, ಸುಣ್ಣ ಇನ್ನೂ ಮೆತ್ತಿಕೊಂಡಿದೆಯೇನೋ ಎಂಬಂತೆ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಇದ್ದವು ಅಂದರೆ ಎಲ್ಲಿ ಹೋದವು ಅನ್ನುವ ಪ್ರಶ್ನೆ ಬರುತ್ತದೆ. ತಾನು ಆ ಮನೆಯ ಮೇಲೆ ಯಾವತ್ತೂ ನೋಡಿಲ್ಲ ಅಂದುಬಿಟ್ಟ.

ಅವತ್ತು ಸಂಜೆ ಮತ್ತೆ ಮೋಡ ಕವಿಯಿತು. ಜೋಹರಾಬಿ ಗುರಪ್ಪನ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಗುರಪ್ಪಣ್ಣಾರ, ಮನಿ ಮ್ಯಾಲ ತಾಡಪತ್ರಿ ಹಾಕೇನಿ, ಗಾಳಿಗಿ ನಿಲ್ಲವಲ್ದು. ನಾಕ ಕಲ್ಲ ಇದ್ರ ಕೊಡ್ರಿ."

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗುರಪ್ಪ ಎದ್ದ. ಹಿತ್ತಲಿಗೆ ಹೋಗಿ, ಗೋಣಿತಾಟು ಮುಚ್ಚಿಟ್ಟಿದ್ದ ಕಲ್ಲುಗಳನ್ನು ಹೊತ್ತು ತಂದು ಅವಳ ಮುಂದಿಟ್ಟ. ಜೋಹರಾಬಿ ಕೂತು ಸುಣ್ಣದ ಮೇಲೆ ಕೈಯಾಡಿಸಿದಳು.

"ಒಂದ ಫೋನ್ ಮಾಡಿದ್ರ ಒಯ್ರಿ ಅಂತಿದ್ದೆ," ಅಂದಳು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಗುರಪ್ಪನಿಗೆ. ತಪ್ಪಾಯಿತು ಅಂದ. ನಾಳೆ ಇಂಡಿಗೆ ಹೋಗಿ ಸಾಹೇಬರ ಮುಂದೆ ಎಲ್ಲ ಹೇಳುತ್ತೇನೆ ಅಂದ.

"ನಾಳೆ ಯಾಕ್ರಿ," ಎನ್ನುತ್ತ ಜೋಹರಾಬಿ ಸರ್ವೇಯರನಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟಳು.

ಆ ಕಡೆಯಿಂದ ಹಲೋ ಎಂದಿತು. ಗುರಪ್ಪ ಕಲ್ಲುಗಳನ್ನೇ ನೋಡುತ್ತ ಬಾಯಿ ತೆರೆದ.

"ಸಾಹೇಬ್ರ, ಆ ಕಲ್ಲ ನಾನ ಒಯ್ದಿದ್ದೆರಿ."