ತವರಿನಿಂದ ಬಂದ ಮರಳು

ಬೆಳಿಗ್ಗೆ ಸರ್ಸೆನ್ ಬಾಗಿಲು ತೆಗೆದರೆ ಮರಳಿನ ದಿಬ್ಬವೊಂದು ಸಲೀಸಾಗಿ ಒಳಗೆ ಜಾರಿತು. ನದಿಗಳ ನೀರೆಲ್ಲ ಹತ್ತಿ ಹೊಲಗಳ ಪಾಲಾಗಿ ಅರಾಲ್ ಸಮುದ್ರ ಬತ್ತಿದ ಮೇಲೆ, ಅದರ ತಳದ ಮರಳು ಊರೂರು ಅಲೆಯುತ್ತ ಎಷ್ಟೋ ಮನೆ ನುಂಗಿತ್ತು. ಸರ್ಸೆನ್ ಸಲಿಕೆಗೆ ಕೈಹಾಕಿದ. ಅಷ್ಟರಲ್ಲಿ ಅವನ ಹೆಂಡತಿ ಕನಿಪಾ ಒಂದು ಚಿಟಿಕೆ ಮರಳು ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು.

“ಮುಟ್ಬೇಡ ಮುದುಕಾ. ನಮ್ಮಪ್ಪನ ಮನೆ ಮುಂದಿನ ಮರಳು ಇದು. ಈ ಉಪ್ಪು ನಂಗೊತ್ತು.”

“ತಲೆ ಕೆಟ್ಟಿದೆಯೇನೇ? ಮರಳಿಗೆ ಯಾವ ತವರು?”

“ಬರೋ ಬೇಸಿಗೆಗೆ ದೋಣೀಲಿ ದ್ವೀಪದ ತವರಿಗೆ ಕರ್ಕೊಂಡು ಹೋಗ್ತೀನಿ ಅಂತ ನಲವತ್ತೆರಡು ವರ್ಷ ಅಂದೆ. ಈಗ ಸಮುದ್ರಾನೂ ಇಲ್ಲ, ದ್ವೀಪಾನೂ ಇಲ್ಲ. ಪಾಪ, ಅವರೇ ನಡ್ಕೊಂಡು ಬಂದಿದಾರೆ.”

ಸರ್ಸೆನ್ ಸಲಿಕೆಯನ್ನು ಗೋಡೆಗೊರಗಿಸಿದ. ಹೆಂಡತಿಯ ತವರಿನವರನ್ನು ಸಲಿಕೆಯಲ್ಲಿ ಎತ್ತಿ ಎಸೆದನೆಂಬ ಹೆಸರು ಬಂದರೆ ಕಜಾಕ್ ಗಂಡಸು ಊರಲ್ಲಿ ತಲೆಯೆತ್ತಿ ಓಡಾಡುವುದುಂಟೇ? ಬಾಗಿಲಿಗೆದುರಿನ ಗೌರವದ ಜಾಗದಲ್ಲಿ, ಹೊಸ ಕಂಬಳಿಯ ಮೇಲೆ ಮರಳನ್ನು ಕೂರಿಸಿದರು. ಕನಿಪಾ ಹಾಲು ಹಾಕಿದ ಚಹಾ ಸುರಿದಳು. ಅತಿಥಿ ಒಂದೇ ಗುಟುಕಿಗೆ ಹೀರಿತು. ಕುರಿ ಕಡಿದು, ಹಿರಿಯ ಅತಿಥಿಗೆ ಸಲ್ಲುವ ಬೇಯಿಸಿದ ತಲೆಯನ್ನು ಅದರ ಮುಂದಿಟ್ಟರು. ಅತಿಥಿ ದಿನಕ್ಕೊಂದು ಗೇಣು ಬೆಳೆದು ಮಂಚವನ್ನು ಮುಚ್ಚಿತು. ಗಂಡ ಹೆಂಡತಿ ಬಾಗಿಲ ಬಳಿ ಬೂಟುಗಳ ಪಕ್ಕ ಮಲಗತೊಡಗಿದರು.

ಮರಳು ನುಗ್ಗಿದ ಮನೆಗಳನ್ನು ಖಾಲಿ ಮಾಡಿಸಲು ಬಂದ ಊರ ಅಧಿಕಾರಿ, ಗೌರವದ ಜಾಗದಲ್ಲಿ ಕನಿಪಾಳ ತವರಿನ ಹಿರಿಯರು ಕೂತಿದ್ದಾರೆಂದು ತಿಳಿದೊಡನೆ ಮೆತ್ತಗಾದ. “ದನಕರು, ಮಕ್ಕಳುಮರಿ ಎಲ್ಲ ಸೌಖ್ಯಾನಾ?” ಎಂದು ಮರಳನ್ನು ವಿಚಾರಿಸಿದ.

“ನಿನ್ನ ಮಾವನ ಮನೆಯೋರಿಗೆ ಮಾತು ಕಮ್ಮಿ,” ಎಂದು ಸರ್ಸೆನ್‌ನ ಕಿವಿಯಲ್ಲಿ ಹೇಳಿ, ನೋಟಿಸನ್ನು ಜೇಬಿಗೆ ಸೇರಿಸಿಕೊಂಡು ಹೋದ.

ಹತ್ತನೆಯ ದಿನ ಗಾಳಿ ದಿಕ್ಕು ಬದಲಿಸಿತು. ಮರಳು ಬಾಗಿಲಿನಿಂದ ತೆಳ್ಳಗೆ ಹೊರಗೆ ಹರಿಯತೊಡಗಿತು. ಸರ್ಸೆನ್‌ಗೆ ಹೋದ ಜೀವ ಬಂದಂತಾಯಿತು. ತಿರುಗಿ ನೋಡಿದರೆ ಕನಿಪಾ ತಲೆಗೆ ಬಿಳಿ ವಸ್ತ್ರ ಸುತ್ತಿ ಬಟ್ಟೆಗಂಟು ಕಟ್ಟುತ್ತಿದ್ದಳು.

“ಎಲ್ಲಿಗೇ?”

“ಅವರು ನನ್ನ ಕರೆಯೋಕೆ ಬಂದಿದ್ದು. ಬರೀ ಅವರನ್ನ ಹೆಂಗೆ ಕಳಿಸ್ಲಿ?”

“ಅಲ್ಲಿ ಏನೂ ಇಲ್ಲ ಕನಿಪಾ. ಕುಡಿಯೋಕೆ ನೀರಿಲ್ಲ.”

“ಗೊತ್ತು,” ಎಂದು ಅವಳು ಗಂಟು ಬಿಗಿದಳು.

ಅವಳಿಲ್ಲದ ಮನೆ ಉಳಿದರೆಷ್ಟು, ಬಿಟ್ಟರೆಷ್ಟು? ಸರ್ಸೆನ್ ಹೊರಗೋಡಿ, ಜಾರಿ ಹೋಗುತ್ತಿದ್ದ ಮರಳನ್ನು ಕೋಟಿನ ಮಡಿಲಿಗೆ ಬಾಚಿ ತಂದು ಕಂಬಳಿಯ ಮೇಲೆ ಸುರಿದ. ಮತ್ತೆ ಓಡಿದ.

“ಇನ್ನೆರಡು ದಿನ ಇದ್ದು ಹೋಗಿ. ಇನ್ನೊಂದು ಕುರಿ ಕಡೀತೀನಿ,” ಎಂದು ಮೊಣಕಾಲೂರಿ, ಏದುಸಿರು ಬಿಡುತ್ತ, ಮರಳಿಗೆ ಅಂಗಲಾಚಿದ.