ತೊಟ್ಟಿಲು ವಾಪಸ್

ಮಾರಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳಬಾರದು ಎಂಬ ಬುದ್ಧಿ ನನಗೆ ಹುಟ್ಟುತ್ತಲೇ ಬಂದದ್ದಲ್ಲ, ಜನ ಕಲಿಸಿದ್ದು. ನಂಜನಗೂಡಿನ ನಮ್ಮ ಮನೆಯ ಹಜಾರದಲ್ಲೇ ಕೂತು ನಾನು ಫೋನಿನಲ್ಲಿ ಹಳೆಯ ಸಾಮಾನು ಮಾರುತ್ತೇನೆ. ನಮ್ಮದು, ಬೀದಿಯವರದು, ನೆಂಟರದು. ಫೋಟೊ ತೆಗೆದು ಹಾಕುವುದು, ಬೆಲೆ ಮಾತಾಡುವುದು, ಗೂಡ್ಸ್ ಆಟೋಗೆ ಹೇರಿ ಕಳಿಸುವುದು. ಮೊದಮೊದಲು ಬಹಳ ಧಾರಾಳಿಯಾಗಿದ್ದೆ. ‘ಇಷ್ಟವಾಗದಿದ್ದರೆ ವಾಪಸ್ ಕೊಡಿ, ಮಧುಶ್ರೀ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಪೇಜಿನ ಮೇಲೆ ಬರೆದುಕೊಂಡಿದ್ದೆ. ಒಬ್ಬಳು ರೇಷ್ಮೆ ಸೀರೆ ಕೊಂಡು, ತಂಗಿಯ ಮದುವೆಗೆ ಉಟ್ಟು, ಸೆರಗಿನ ಮೇಲೆ ಸಾರಿನ ಕಲೆ ಸಮೇತ ‘ಬಣ್ಣ ಒಪ್ಪಲಿಲ್ಲ’ ಎಂದು ಕಳಿಸಿದಳು. ಇನ್ನೊಬ್ಬ ಮಹಾನುಭಾವ ಟಿವಿ ಒಯ್ದು ಕ್ರಿಕೆಟ್ಟಿನ ಸೀಸನ್ ಪೂರ್ತಿ ನೋಡಿ, ಫೈನಲ್ ಆದ ಮಾರನೆಯ ದಿನ ‘ಚಿತ್ರ ಸರಿಯಿಲ್ಲ’ ಎಂದು ತಂದಿಟ್ಟ. ಮತ್ತೊಬ್ಬರು ತಿರುಗಿಸಿದ ಮಿಕ್ಸಿಯ ಜಾರಿನಲ್ಲಿ ಕಾಯಿಚಟ್ನಿ ಇನ್ನೂ ಹಸಿಯಾಗಿತ್ತು.

ಆಮೇಲೆ ನಾನೂ ಗಟ್ಟಿಯಾದೆ. ಒಂದು ಉತ್ತರ ಬರೆದು ಫೋನಿನಲ್ಲಿ ಇಟ್ಟುಕೊಂಡೆ: ‘ಕೊಟ್ಟದ್ದು ವಾಪಸ್ ಇಲ್ಲ. ನೋಡಿ ತೆಗೆದುಕೊಂಡಿದ್ದೀರಿ.’ ಕೊನೆಗೆ ಕೈಮುಗಿದ ಚಿತ್ರ. ಯಾರು ಏನೇ ಗೋಗರೆದರೂ ಒಂದೇ ಸಲ ಒತ್ತಿದರೆ ಸಾಕು, ಹೋಗಿ ಬೀಳುತ್ತಿತ್ತು. ಜಗಳವಿಲ್ಲ, ಗಂಟಲು ನೋವಿಲ್ಲ. ಆ ಕೈಮುಗಿದ ಚಿತ್ರದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ತೊಟ್ಟಿಲನ್ನು ಮಾರಿದ್ದು ಹೀಗೆ ಗಟ್ಟಿಯಾದ ಮೇಲೆ. ಅದು ನನ್ನ ಚೊಚ್ಚಲಿಗೆ ಹುಲ್ಲಹಳ್ಳಿಯ ನನ್ನ ತವರಿನಿಂದ ಬಂದಿದ್ದ ತೊಟ್ಟಿಲು. ಮಕ್ಕಳಿಬ್ಬರೂ ಹೈಸ್ಕೂಲಿಗೆ ಹೋಗುತ್ತಿದ್ದಾರೆ, ಅದು ಅಟ್ಟದ ಮೇಲೆ ಕೂತು ಧೂಳು ತಿನ್ನುತ್ತಿತ್ತು. ಒರೆಸಿ, ಎಣ್ಣೆ ಸವರಿ, ಫೋಟೊ ಹಾಕಿದೆ. ಹೆಮ್ಮರಗಾಲದಿಂದ ಸಿದ್ದು ಅಂತ ಒಬ್ಬ ಹುಡುಗ ಬಂದ. ಸೊಸೈಟಿಯಲ್ಲಿ ಗುಮಾಸ್ತನಂತೆ. ಹೆಂಡತಿ ಕವನ ತುಂಬಿದ ಬಸುರಿ, ಹೆರಿಗೆಗೆ ಅಂತ ಟಿ. ನರಸೀಪುರದ ತವರಿಗೆ ಹೋಗಿದ್ದಳು. ಅವನು ತೊಟ್ಟಿಲನ್ನು ಖಾಲಿಯಾಗಿಯೇ ತೂಗಿ ನೋಡಿದ, ಕಿವಿಗೊಟ್ಟು ಕಿರುಗುಟ್ಟುತ್ತದಾ ಎಂದು ಕೇಳಿಸಿಕೊಂಡ, ನಗುನಗುತ್ತಾ ದುಡ್ಡು ಕೊಟ್ಟ. ನರಸೀಪುರದ ಮಾವನ ಮನೆಗೇ ಕಳಿಸಿಕೊಡಿ ಎಂದ.

ಒಳಗಿನಿಂದ ನಮ್ಮತ್ತೆ ಪುಟ್ಟಬಸಮ್ಮ ನೋಡುತ್ತಿದ್ದರು. ಅವನು ಬೀದಿ ತಿರುಗುವುದೇ ತಡ, ಶುರು ಮಾಡಿದರು.

“ಕೂಸು ಉಟ್ಟೋಕ್ ಮುಂಚೆ ತೊಟ್ಲು ಕೊಡ್ತಾರೇನೆ ಯಾರಾದ್ರೂ? ಅದೂ ಬರೀ ತೊಟ್ಲು ತೂಗ್ಬುಟ್ಟ ಆ ಹೈದ. ಉಟ್ಟಿದ್ ಮ್ಯಾಲೆ ಬಾ ಅನ್ಬಾರ್ದಾಗಿತ್ತಾ?”

“ಅತ್ತೆ, ಅವನು ಕಾಯ್ತಾನೆ, ಗಿರಾಕಿ ಕಾಯಲ್ಲ” ಎಂದು ನಾನು ತಲೆಬುಡವಿಲ್ಲದ ಒಂದು ಮಾತು ಹೇಳಿ ನಕ್ಕುಬಿಟ್ಟೆ. ಸಂಜೆಯೇ ಆಟೋ ಹತ್ತಿಸಿದೆ.

ಒಂದು ತಿಂಗಳಾಗಿರಬೇಕು. ಬೆಳಿಗ್ಗೆ ತಿಂಡಿ ಮುಗಿಸಿ ಫೋನ್ ಹಿಡಿದರೆ ಸಿದ್ದುವಿನ ಮೆಸೇಜು. ‘ಅಕ್ಕ, ತೊಟ್ಟಿಲು ವಾಪಸ್ ತಗೊಳ್ಳಿ. ದುಡ್ಡು ಎಷ್ಟಾದ್ರೂ ಕೊಡಿ ಪರವಾಗಿಲ್ಲ.’

ನೋಡಿದೆನೋ ಇಲ್ಲವೋ, ಹೆಬ್ಬೆರಳು ತನ್ನ ಕೆಲಸ ಮಾಡಿತ್ತು. ಕೊಟ್ಟದ್ದು ವಾಪಸ್ ಇಲ್ಲ. ನೋಡಿ ತೆಗೆದುಕೊಂಡಿದ್ದೀರಿ. ಕೈಮುಗಿದ ಚಿತ್ರ. ಅವನು ಓದಿದ್ದಕ್ಕೆ ಎರಡು ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ. ಒಂದೇ ಏಟಿಗೆ ಸುಮ್ಮನಾದನಲ್ಲ, ಒಳ್ಳೆಯ ಹುಡುಗ ಎಂದುಕೊಂಡೆ.

ಅತ್ತೆ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು. “ಯಾರ್ದೇ ಅದು?” ಎಂದರು.

“ತೊಟ್ಟಿಲು ತಗೊಂಡಿದ್ನಲ್ಲ ಹೆಮ್ಮರಗಾಲದವನು, ವಾಪಸ್ ಮಾಡ್ತಾನಂತೆ. ಆಗಲ್ಲ ಅಂದೆ.”

ಮೊರದ ಮೇಲೆ ಅವರ ಕೈ ನಿಂತಿತು. “ಯಾಕಂತೆ?”

“ಹೇಳಲಿಲ್ಲ.”

“ನೀನು ಕೇಳ್ಲಿಲ್ವಾ?”

ಅಷ್ಟೇ. ಬೈಯಲಿಲ್ಲ, ಆಗಲೇ ಹೇಳಿದ್ದೆ ಎನ್ನಲಿಲ್ಲ. ನಮ್ಮತ್ತೆ ಬೈಯದೆ ಸುಮ್ಮನಾದರೆಂದರೆ ಅದು ದೊಡ್ಡ ವಿಷಯ. ಸೀರೆ ವಾಪಸ್ ಮಾಡುವುದಕ್ಕೆ ನೂರು ಕಾರಣ ಇರುತ್ತವೆ, ಮಿಕ್ಸಿಗೆ ಇನ್ನೂರು. ಹೆರಿಗೆ ಹತ್ತಿರವಿರುವ ಮನೆಯವರು ತೊಟ್ಟಿಲನ್ನು, ದುಡ್ಡು ಎಷ್ಟಾದರೂ ಕೊಡಿ ಎಂದು ವಾಪಸ್ ಮಾಡುವುದಕ್ಕೆ ನನಗೆ ಆ ಗಳಿಗೆಯಲ್ಲಿ ಒಂದೇ ಒಂದು ಕಾರಣ ಹೊಳೆಯಿತು. ಅದನ್ನು ಬಾಯಲ್ಲಿ ಆಡಲೂ ಧೈರ್ಯವಾಗಲಿಲ್ಲ. ಅಂಥ ಹುಡುಗನಿಗೆ ನಾನು ‘ನೋಡಿ ತೆಗೆದುಕೊಂಡಿದ್ದೀರಿ’ ಎಂದು ಕಳಿಸಿದ್ದೆ. ಸಾಲದ್ದಕ್ಕೆ ಕೈ ಬೇರೆ ಮುಗಿದಿದ್ದೆ.

ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಅದೇ.

“ಓಗಿ ಬಾ” ಎಂದರು ಅತ್ತೆ. “ದುಡ್ಡು ತಗೊಂಡು ಓಗು. ಅವ್ರ ಕಣ್ಮುಂದೆ ಅದು ಇರಬಾರ್ದು ಕಣವ್ವ. ಹೊತ್ಕೊಂಡಾದ್ರೂ ಬಾ.”

ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಏನೂ ಕಾಣಲಿಲ್ಲ. ಹೋಗಿ ಏನು ಹೇಳುವುದು? ತೊಟ್ಟಿಲು ತೆಗೆದುಕೊಂಡು ಹೋಗಲು ಬಂದೆ ಅನ್ನುವುದೇ? ಆ ಹೆಣ್ಣುಮಗಳ ಮುಖ ಹೇಗೆ ನೋಡುವುದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಬಾಯಿ ಕೂಡ ತೆರೆಯದೆ, ಒಂದು ಹೆಬ್ಬೆರಳಲ್ಲಿ ಹಾಳುಮಾಡಿಕೊಂಡಿದ್ದೆ. ನಂಜುಂಡಪ್ಪಾ, ನಾನು ಅಂದುಕೊಂಡದ್ದು ಸುಳ್ಳಾಗಲಿ, ಇನ್ನು ಮೇಲೆ ಚಟ್ನಿ ಇರುವ ಮಿಕ್ಸಿಯನ್ನೂ ತೊಳೆದು ಇಟ್ಟುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು “ಯಾಕವ್ವ, ಹುಷಾರಿಲ್ವಾ?” ಎಂದು ಕೇಳಿ ನೀರಿನ ಬಾಟಲಿ ಕೊಟ್ಟಳು.

ಆಟೋದವನಿಗೆ ಅಂದು ಬರೆದುಕೊಟ್ಟಿದ್ದ ವಿಳಾಸ ಫೋನಿನಲ್ಲಿತ್ತು. ಕೇಳಿಕೊಂಡು ಬೀದಿಗೆ ಬಂದೆ. ತಿರುವಿನಲ್ಲೇ ಕಂಡಿತು ಆ ಮನೆ, ಮತ್ತು ನನ್ನ ತೊಟ್ಟಿಲು. ಅಂಗಳದಲ್ಲಿ, ಬಿಸಿಲಲ್ಲಿ, ಗೋಡೆಗೆ ಒರಗಿಸಿ ಇಟ್ಟಿದ್ದರು. ಜಗುಲಿಯ ಮೇಲೆ ನಾಲ್ಕೈದು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಕಂಬಕ್ಕೆ ಒರಗಿದ್ದ ವಯಸ್ಸಾದ ಗಂಡಸು ಮಂಡಿಗೆ ತಲೆ ಕೊಟ್ಟು ಕೂತಿದ್ದ. ಸಿದ್ದು ಬಾಗಿಲ ಪಕ್ಕ ನೆಲದ ಮೇಲೆ, ಕಣ್ಣು ಕೆಂಪಗೆ ಊದಿಕೊಂಡಿತ್ತು.

ನನಗೆ ಗೇಟಿನಿಂದ ಒಳಗೆ ಕಾಲಿಡಲು ಆಗಲಿಲ್ಲ. ಸಿದ್ದು ನನ್ನನ್ನು ನೋಡಿ ಎದ್ದ. ನಾನು “ಸಿದ್ದೂ...” ಎನ್ನುವಷ್ಟರಲ್ಲಿ ಜಗುಲಿಯ ನಡುವಿನಿಂದ ಒಬ್ಬ ಹೆಂಗಸು ಎದ್ದು ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಓಡಿಬಂದರು.

“ಶ್! ಮೆತ್ತಗೆ ಕನವ್ವ! ರಾತ್ರಿಯೆಲ್ಲಾ ಅತ್ತು ಅತ್ತು ಈಗ ಕಣ್ ಮುಚ್ಕಂಡದೆ ಎಣ್ಣುಮಗ. ಎದ್ಬುಟ್ರೆ ಯಾರ್ ಕೈಲೂ ಆಗಕಿಲ್ಲ.”

“ಯಾರು?” ಎಂದೆ.

“ಇನ್ಯಾರು, ನಮ್ ಕವನನ ಕೂಸು. ಉಟ್ಟಿ ಆರ್ ದಿನ ಆಯ್ತು.”

ಹೋದ ಜೀವ ಬಂದಂತಾಯಿತು ಎಂದು ಎಷ್ಟೋ ಸಲ ಸುಮ್ಮನೆ ಅಂದಿದ್ದೇನೆ. ಅದು ಹೇಗೆ ಬರುತ್ತದೆ ಎಂದು ಅವತ್ತು ಗೊತ್ತಾಯಿತು. ಮೊದಲು ಮಂಡಿಗೆ ಬಂತು, ಅಲ್ಲೇ ಗೇಟಿನ ಹತ್ತಿರ ಕುಸಿದು ಕೂತೆ. ಆಮೇಲೆ ಗಂಟಲಿಗೆ ಬಂತು. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ, ಗೊಳೋ ಎಂದು ಅತ್ತುಬಿಟ್ಟೆ. ಒಳಗಿನಿಂದ, ನನಗಿಂತ ಜೋರಾಗಿ, ಇನ್ನೊಂದು ಅಳು ಎದ್ದಿತು.

“ಅಯ್ಯೋ, ಎಬ್ಬಿಸ್ಬುಟ್ರಲ್ಲಾ!” ಎಂದರು ಜಗುಲಿಯ ಹೆಂಗಸರೆಲ್ಲ ಒಟ್ಟಿಗೆ. ಮಂಡಿಗೆ ತಲೆಕೊಟ್ಟು ನಿದ್ದೆ ಹೊಡೆಯುತ್ತಿದ್ದ ಮಾರಯ್ಯ, ಕವನನ ತಂದೆ, ಬೆಚ್ಚಿ ಎದ್ದು “ಯಾವನ್ಲಾ ಅವ್ನು?” ಎಂದರು. ನಾನು ಅಳುತ್ತಲೇ ನಗುತ್ತಿದ್ದೆ. ಅಂಥ ಇಂಪಾದ ಸದ್ದನ್ನು ನಾನು ಹುಟ್ಟಿದಾರಭ್ಯ ಕೇಳಿಲ್ಲ.

ತುಟಿಗೆ ಬೆರಳಿಟ್ಟವರು ಗೋವಿಂದಮ್ಮ, ಬಾಣಂತಿಯ ತಾಯಿ. ಒಳಗೆ ಕರೆದು ಕೂರಿಸಿದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಕಣ್ಣು ಮುಚ್ಚಿದ ಬುದ್ಧ. ಕೆಳಗೆ ಹೊಸದಾಗಿ ಹಸಿರು ಬಣ್ಣ ಹೊಡೆದ ಇನ್ನೊಂದು ತೊಟ್ಟಿಲು.

“ನಮ್ ಕವನನೇ ಮಲಗಿದ್ ತೊಟ್ಲು ಕನವ್ವ ಇದು” ಎಂದರು ಗೋವಿಂದಮ್ಮ. “ಅವಳ ಮಗೀಗೆ ಅಂತ ಮಡಗಿದ್ದೋ. ಚೊಚ್ಚಲ ಕೂಸಿಗೆ ತೊಟ್ಲು ತಾಯ್ಮನೇದೇ ಆಗ್ಬೇಕು. ನಮ್ಮಳಿಯಪ್ಪ ಆಟೋದಲ್ಲಿ ತಂದು ಇಳಿಸ್ಬುಟ್ಟ! ನಮ್ ಯಜಮಾನ್ರು ಎರಡು ದಿನ ಮಾತಾಡ್ನಿಲ್ಲ. ಒಂದು ತೊಟ್ಲು ಕೊಡಕ್ಕೂ ಗತಿ ಇಲ್ವಾ ನಮ್ಗೆ ಅಂತ.”

ಸಿದ್ದು ತಲೆ ಕೆರೆದುಕೊಂಡ. “ನಂಗೊತ್ತಿರ್ಲಿಲ್ಲ ಅಕ್ಕ. ನಮ್ಮವ್ವ ಇದ್ದಿದ್ರೆ ಯೋಳ್ಕೊಡೋರು. ಮಾವನ ಮುಂದೆ ಅದು ಇರಾಗಂಟ ಮುಜುಗರ. ಅದುಕ್ಕೇ ವಾಪಸ್ ಅಂದೆ. ನೀವು ಕೈಮುಗಿದ್ಬುಟ್ರಿ, ಇನ್ನೇನ್ ಕೇಳಾದು ಅಂತ ಸುಮ್ನಾದೆ.”

“ಫೋನ್ ಯಾಕೆ ಆಫ್ ಮಾಡಿದ್ದೆ, ದೊರೆ? ನನ್ನ ಜೀವ ಹೋಗಿ ಬಂತು.”

“ಅತ್ತೆ ಎಲ್ಲರ ಫೋನೂ ಆಫ್ ಮಾಡ್ಸವ್ರೆ. ಕೂಸು ಎದ್ಬುಡ್ತದೆ ಅಂತ.”

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನನ್ನ ತೊಟ್ಟಿಲು ಹುಲ್ಲಹಳ್ಳಿಯಿಂದ ಬಂದದ್ದೂ ಇದೇ ಕಾರಣಕ್ಕೆ. ಅವತ್ತು ನಮ್ಮಪ್ಪ ಅದನ್ನು ಎತ್ತಿನ ಗಾಡಿಯಲ್ಲೇ ಕಳಿಸುತ್ತೇನೆಂದು ಹಟ ಹಿಡಿದಿದ್ದರು. ಎಲ್ಲ ಗೊತ್ತಿದ್ದೂ ಕೆಟ್ಟದ್ದೇ ಮೊದಲು ಹೊಳೆದಿತ್ತು.

ಕೊಟ್ಟಿದ್ದ ಪೂರ್ತಿ ದುಡ್ಡನ್ನು ಸಿದ್ದುವಿನ ಕೈಗಿಟ್ಟೆ. ಗೋವಿಂದಮ್ಮ ಸ್ವಲ್ಪ ತಡೆದು, “ನಮ್ಮನೇಲಿ ಕಾಪಿ ಕುಡೀತೀರಾ?” ಎಂದರು. ಆ ಪ್ರಶ್ನೆಯನ್ನು ಅವರು ಕೇಳಬೇಕಾಯಿತಲ್ಲ ಎಂದು ನೋವಾಯಿತು. “ಸಕ್ಕರೆ ಮುಂದಾಗಿ ಹಾಕಿ, ಎರಡು ಲೋಟ ಕುಡೀತೀನಿ” ಎಂದೆ. ಕುಡಿದೆ. ಮಗು ನನ್ನ ಮಡಿಲಲ್ಲಿ ಮಲಗಿ, ಮುಷ್ಟಿ ಬಿಗಿದು, ಇನ್ನೊಂದು ಸುತ್ತು ಕಿರುಚಿತು.

ತೊಟ್ಟಿಲನ್ನು ಗೂಡ್ಸ್ ಆಟೋಗೆ ಎತ್ತುವಾಗ ಗೋವಿಂದಮ್ಮ ತಡೆದರು. “ಬರೀ ತೊಟ್ಲು ಒಸ್ತಿಲು ದಾಟಬಾರ್ದು” ಎಂದು ಅಕ್ಕಿ, ಬೆಲ್ಲದಚ್ಚು, ಒಂದು ತೆಂಗಿನಕಾಯಿ ಕಟ್ಟಿ ಒಳಗಿಟ್ಟು, ಮೇಲೆ ಮಗುವಿಗೆ ಸುತ್ತುವ ಹಳೆಯ ಬಟ್ಟೆ ಹೊದಿಸಿದರು.

ನಮ್ಮತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಆಟೋದಲ್ಲಿ ತೊಟ್ಟಿಲು ಕಂಡದ್ದೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಆಟೋ ನಿಲ್ಲುವುದಕ್ಕೆ ಮುಂಚೆಯೇ ಕೂಗಿದೆ: “ಅತ್ತೆ, ಹೆಣ್ಣು ಮಗು! ಬೀದಿಗೆಲ್ಲ ಕೇಳೋ ಹಾಗೆ ಅಳ್ತದೆ!”

ಅವರು ಸೆರಗು ಇಳಿಸಲು ಸ್ವಲ್ಪ ಹೊತ್ತಾಯಿತು. ಹತ್ತಿರ ಬಂದು ಬಟ್ಟೆ ಸರಿಸಿ ಅಕ್ಕಿ ನೋಡಿದರು. ಯಾರು ಕೊಟ್ಟರು ಎಂದು ಕೇಳಿದರು, ಹೇಳಿದೆ. ಮಠದ್ದು ಬಿಟ್ಟರೆ ಹೊರಗಿನವರ ಅಕ್ಕಿಬೇಳೆ ಮುಟ್ಟುವವರಲ್ಲ ನಮ್ಮತ್ತೆ. ಒಂದು ಗಳಿಗೆ ನಿಂತರು. ಆಮೇಲೆ ಆ ಗಂಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನೇರ ಅಡುಗೆಮನೆಗೆ ಹೋದರು. “ಏಲಕ್ಕಿ ಎಲ್ಲಿಟ್ಟಿದ್ದೀಯೆ?” ಎಂದು ಒಳಗಿನಿಂದ ಗದರುವುದು ಕೇಳಿಸಿತು.

ನಾವು ಪಾಯಸ ಉಣ್ಣುತ್ತಿರುವಾಗ ಫೋನ್ ಸದ್ದು ಮಾಡಿತು. ಸಿದ್ದು ಫೋಟೊ ಕಳಿಸಿದ್ದ. ಬಾಯಿಯೊಂದೇ ಕಾಣುವ ಹಾಗೆ ಅಳುತ್ತಿರುವ ಮಗು, ಕೆಳಗೆ ಎರಡು ಸಾಲು: ‘ಅಕ್ಕ, ನೀವು ಎಬ್ಬಿಸಿ ಹೋದ ಮೇಲೆ ಮಲಗೇ ಇಲ್ಲ. ಇವಳನ್ನ ವಾಪಸ್ ತಗೋತೀರಾ?’

ಅತ್ತೆಗೆ ಓದಿ ಹೇಳಿದೆ. ಅವರು ಚಮಚ ಕೆಳಗಿಟ್ಟು ಕಣ್ಣು ಒರೆಸಿಕೊಂಡು, “ಏನಂತೀಯ?” ಎಂದರು.

ನಾನು ಹೆಬ್ಬೆರಳು ಒತ್ತಿದೆ. ಕೊಟ್ಟದ್ದು ವಾಪಸ್ ಇಲ್ಲ. ಕೈಮುಗಿದ ಚಿತ್ರ ಸಮೇತ ಹೋಯಿತು.